ಮೇಸ್ತ್ರಿ ಕೆತ್ತಿದ ಮೀನು

ಪಕ್ಕದ ಮನೆಯವರು ಹೊಸ ಬಾಗಿಲು ಕೂಡಿಸುತ್ತಿದ್ದಾರೆ. ನಾಲ್ಕು ದಿನದಿಂದ ಅವರ ಅಂಗಳದಲ್ಲಿ ಸಾಗವಾನಿಗೆ ಹತ್ತರಿ ಹೊಡೆಯುವ ಸದ್ದು. ಬೆಳಗಿನ ಚಹಾದ ಜೊತೆಗೇ ಆ ಹೊಟ್ಟಿನ ವಾಸನೆಯೂ ನಮ್ಮ ಕಟ್ಟೆಗೆ ಬಂದು ಕೂರುತ್ತದೆ. ಈ ವಾಸನೆಗೆ ಬೇರೆಯವರಿಗೆ ಬಾಗಿಲೋ ತೊಟ್ಟಿಲೋ ನೆನಪಾಗಬಹುದು, ನನಗೆ ಮೀನು ನೆನಪಾಗುತ್ತದೆ. ನೀವು ನಗುವುದು ಸಹಜ. ಹುಟ್ಟಿದಾಗಿನಿಂದ ಮೀನಿನ ಒಂದು ಚೂರನ್ನೂ ಬಾಯಿಗಿಡದವನು ನಾನು. ಆದರೆ ಒಂದು ಮೀನನ್ನು ನನ್ನ ಕೈಯಾರೆ ಮಾಡಿದ್ದೇನೆ.

ನಮ್ಮದು ಗದಗ ಸೀಮೆಯ ಬಡಿಗರ ಮನೆತನ. ತೊಂಬತ್ತರ ದಶಕದಲ್ಲಿ ನಾನು ದೋಹಾಕ್ಕೆ ಹೋದದ್ದು ಸೆಂಟ್ರಿಂಗ್ ಕೆಲಸಕ್ಕೆ. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹಿಡಿದಿಡುವ ಹಲಗೆಯ ಅಚ್ಚು ಕಟ್ಟುವುದು, ಗಟ್ಟಿಯಾದ ಮೇಲೆ ಅದೇ ಅಚ್ಚನ್ನು ಹಾರೆ ಹಾಕಿ ಕಿತ್ತೆಸೆಯುವುದು. ಬಡಿಗನ ಮಗನಿಗೆ ಇದಕ್ಕಿಂತ ವಿಚಿತ್ರ ಉದ್ಯೋಗ ಬೇರೆ ಇಲ್ಲ. ವಾರವಿಡೀ ಮಾಡಿದ್ದನ್ನು ಮುಂದಿನ ವಾರ ಮುರಿಯುತ್ತಿದ್ದೆ. ಐದು ವರ್ಷದ ಮೇಲೆ ನನ್ನನ್ನು ಮೇಸ್ತ್ರಿ ಮಾಡಿದರು. ಆಮೇಲೆ ನಾನು ಹೇಳುತ್ತಿದ್ದೆ, ಬೇರೆಯವರು ಮುರಿಯುತ್ತಿದ್ದರು.

ನಮ್ಮ ಸೈಟು ಐನ್ ಖಾಲಿದ್‌ನಲ್ಲಿತ್ತು, ವಾಸ ಅಲ್ ಹಿಲಾಲ್‌ನ ಒಂದು ಹಳೇ ವಿಲ್ಲಾದಲ್ಲಿ. ನನ್ನ ಕೋಣೆಯ ಜೊತೆಗಾರ ಸೈಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದ ಉಳ್ಳಾಲದ ಹಂಝಾಕ. ನನಗಿಂತ ಹತ್ತು ವರ್ಷ ಹಿರಿಯರು. ಮೊಳೆಯನ್ನೂ ಲೆಕ್ಕ ಹಾಕಿ ಕೊಡುವ ಬಿಗಿ ಮನುಷ್ಯ, ಸಮುದ್ರದ ಮಾತು ಬಂದರೆ ಮಾತ್ರ ಬೆಣ್ಣೆ. ಶುಕ್ರವಾರ ಬೆಳಿಗ್ಗೆ ವಕ್ರಾ ಎಂಬ ಕಡಲೂರಿನ ಕಟ್ಟೆಯಲ್ಲಿ ಕುಳಿತು, ಬೆರಳಿಗೆ ದಾರ ಸುತ್ತಿಕೊಂಡು, ಬೂತಾಯಿ ಮೀನಿನ ತುಂಡು ಸಿಕ್ಕಿಸಿ ಗಾಳ ಬಿಡುತ್ತಿದ್ದರು.

ಸೈಟ್ ಮ್ಯಾನೇಜರ್ ಡಗ್ಲಾಸ್ ಎಂಬ ಕೆನಡಾದವನು. ಆರಡಿ ಮೂರಂಗುಲ, ಬಿಸಿಲಿಗೆ ಸದಾ ಟೊಮೆಟೊ ಆದ ಮುಖ. ಎಲ್ಲರೂ ನನ್ನನ್ನು ಮೇಸ್ತ್ರಿ ಎಂದು ಕೂಗುವುದನ್ನು ಕೇಳಿ ಅದೇ ನನ್ನ ಹೆಸರೆಂದುಕೊಂಡು ‘ಮಿಸ್ಟರಿ’ ಎನ್ನುತ್ತಿದ್ದ. ತಿದ್ದಲು ನನಗೂ ಮನಸ್ಸಾಗಲಿಲ್ಲ. ಅವನ ಊರಿನಲ್ಲಿ ಸಿಹಿನೀರಿನ ದೊಡ್ಡ ಸರೋವರಗಳಂತೆ. ಅವುಗಳಲ್ಲಿ ಬ್ಯಾಸ್, ಪೈಕ್ ಎಂಬ ಮೀನುಗಳಂತೆ. ಪೈಕ್ ಎಂದರೆ ಮೊಸಳೆಯ ಮೋರೆ, ಗರಗಸದ ಹಲ್ಲು. ಅದನ್ನು ಹಿಡಿಯಲು ಎರೆಹುಳು ಸಾಲದು, ಗೇಣುದ್ದದ ಮರದ ಮೀನು ಬೇಕು. ಅಂಥ ಮೂರು ಮರದ ಮೀನುಗಳನ್ನು ಅವನು ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದ. ಕತಾರಿನಲ್ಲಿ ಸರೋವರವಾದರೂ ಎಲ್ಲಿ? ಅವನೂ ವಕ್ರಾದ ಕಟ್ಟೆಗೇ ಬಂದ.

“ಬ್ಯಾಸ್ ಹಿಡೀತಾನಂತೆ,” ಎಂದರು ಹಂಝಾಕ. “ಬಾಸನ್ನು ಹಿಡಿಯುವುದು ನಮ್ಮ ಟೈಮ್‌ಕೀಪರಿಗೂ ಗೊತ್ತುಂಟು. ಮರದ ತುಂಡಿಗೆ ಬಾಯಿ ಹಾಕ್ಲಿಕ್ಕೆ ಇಲ್ಲಿಯ ಮೀನು ಎಂತ ಪೆದ್ದಾ ಮಾರಾಯ್ರೆ?”

ಮೀನು ಪೆದ್ದಾಗಿರಲಿಲ್ಲ, ಕಲ್ಲುಗಳು ಗಟ್ಟಿಯಾಗಿದ್ದವು. ಒಂದೇ ತಿಂಗಳಲ್ಲಿ ಎರಡು ಮರದ ಮೀನು ಕಲ್ಲಿಗೆ ಸಿಕ್ಕಿ ಹೋದವು, ಮೂರನೆಯದು ಬಡಿದು ಸೀಳಿತು. ಮರುದಿನ ಡಗ್ಲಾಸ್ ಸೀಳಿದ ಆ ಮೀನನ್ನು ಸತ್ತ ಹಕ್ಕಿಮರಿಯ ಹಾಗೆ ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿ ಬಂದ.

“ಮಿಸ್ಟರಿ, ನೀನು ಬಡಗಿ ತಾನೆ? ಇಂಥದ್ದೊಂದು ಮಾಡಬಲ್ಲೆಯಾ?”

“ಮಾಡೋಣ ಸಾರ್,” ಎಂದೆ. ಮೀನನ್ನು ಹತ್ತಿರದಿಂದ ನೋಡಿದವನೇ ನಾನಲ್ಲ. ಆದರೆ ಬಡಿಗರ ಮನೆಯವನು ಆಗದು ಎಂದರೆ ಊರಲ್ಲಿದ್ದ ಅಪ್ಪನಿಗೆ ಬಿಕ್ಕಳಿಕೆ ಬಂದೀತು.

ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗವಾನಿ ತುಂಡು ತೆಗೆದುಕೊಂಡು ಒಂದು ವಾರ ಸಂಜೆ ಸಂಜೆ ಕೆತ್ತಿದೆ. ಎಷ್ಟೋ ವರ್ಷದ ಮೇಲೆ ಉಳಿ ಹಿಡಿದ ಕೈ, ನಿಲ್ಲಿಸಲಾಗಲಿಲ್ಲ. ಒಂದೊಂದು ಹುರುಪೆ, ರೆಕ್ಕೆಯ ಒಂದೊಂದು ಗೆರೆ, ಕಣ್ಣಿಗೆ ಹುಬ್ಬು ಕೂಡ! ಮೀನಿಗೆ ಹುಬ್ಬಿರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಸೈಟಿನಲ್ಲಿ ಪರೀಕ್ಷೆಗೆಂದು ಎರೆದ ಕಾಂಕ್ರೀಟಿನ ಚೌಕ ಗಟ್ಟಿಗಳನ್ನು ನೆನೆಹಾಕುವ ತೊಟ್ಟಿಯೊಂದಿತ್ತು. ಡಗ್ಲಾಸ್ ಅದರಲ್ಲಿ ನನ್ನ ಮೀನನ್ನು ಬಿಟ್ಟ. ಅದು ಹೊಟ್ಟೆ ಮೇಲೆ ಮಾಡಿ ಆರಾಮವಾಗಿ ಮಲಗಿತು. ಸುತ್ತ ನಿಂತ ಹುಡುಗರೆಲ್ಲ, “ಖಲಾಸ್ ಮೇಸ್ತ್ರಿ, ಮೀನು ಖಲಾಸ್!” ಎಂದು ಕುಣಿದರು. ಎರಡನೆಯದಕ್ಕೆ ಕಬ್ಬಿಣದ ಬೋಲ್ಟು ತೂರಿಸಿದೆ. ಅದು ನೇರ ತಳ ಸೇರಿತು. ಎತ್ತಲು ಬಕೆಟು ಇಳಿಬಿಡಬೇಕಾಯಿತು.

ಅಂದು ಸಂಜೆ ಹಂಝಾಕ ನನ್ನನ್ನು ಮೀನು ಮಾರ್ಕೆಟ್ಟಿಗೆ ಎಳೆದೊಯ್ದರು. ನಾನು ಮೂಗಿಗೆ ಟವೆಲ್ ಕಟ್ಟಿಕೊಂಡೇ ಹೋದೆ.

“ನೀವು ಮೀನಿನ ಚಂದ ನೋಡಿದ್ದು, ಹೊಟ್ಟೆ ನೋಡಿದ್ದಲ್ಲ,” ಎಂದು ಒಂದು ಮೀನನ್ನೆತ್ತಿ ನನ್ನ ಕೈಯಲ್ಲಿಟ್ಟರು. “ಹಿಡೀರಿ, ಕಚ್ಚುವುದಿಲ್ಲ. ಭಾರ ಎಲ್ಲುಂಟು?”

ತಣ್ಣಗಿತ್ತು. ಮೈ ಜುಮ್ಮೆಂದರೂ ಬಿಡಲಿಲ್ಲ. “ಕೆಳಗೈತ್ರಿ. ಹೊಟ್ಟಿ ಮುಂದಿನ ಕಡೆ.”

“ಹಾಂ! ಇನ್ನು ಹೋಗಿ ಮಾಡಿ.”

ಮೂರನೆಯದಕ್ಕೆ ಹುರುಪೆ ಕೆತ್ತಲಿಲ್ಲ, ಹುಬ್ಬೂ ಇಲ್ಲ. ಹೊಟ್ಟೆಯಲ್ಲಿ ಚೂರು ಸೀಸ, ನಡುವೆ ಒಂದು ಕೀಲು, ಬಾಯಿಗೆ ತಗಡಿನ ನಾಲಿಗೆ, ಅಡಿಗೆ ಸೀಳಿದ ಮೀನಿನಿಂದ ಕಿತ್ತ ಕೊಕ್ಕೆಗಳು. ಡಗ್ಲಾಸ್ ದಾರ ಕಟ್ಟಿ ತೊಟ್ಟಿಯಲ್ಲಿ ಎಳೆದ. ಅದು ಬಾಲ ಆಡಿಸಿತು! ಎಡಕ್ಕೆ, ಬಲಕ್ಕೆ, ಮೈ ಬಳುಕಿಸಿಕೊಂಡು ಆ ತುದಿಯಿಂದ ಈ ತುದಿಗೆ ಈಜಿ ಬಂತು. ಡಗ್ಲಾಸ್ ನನ್ನನ್ನು ಎತ್ತಿಕೊಂಡೇ ಬಿಟ್ಟ. ನೆಲದಿಂದ ಒಂದಡಿ ಮೇಲೆ ನೇತಾಡುತ್ತ ನಾನು ತೊಟ್ಟಿಯನ್ನೇ ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ವಸ್ತುವೊಂದು ಮೊದಲ ಸಲ ಜೀವ ಬಂದ ಹಾಗೆ ಚಲಿಸಿತ್ತು.

ಆ ವಾರ ಕೋಣೆಯಲ್ಲಿ ಮಾತ್ರ ಹಂಝಾಕ ಮಂಕಾಗಿದ್ದರು. ಊರಲ್ಲಿ ಮಗಳ ನಿಕಾಹ್, ಶುಕ್ರವಾರ. ಹದಿನೈದು ದಿನದ ರಜೆ ಕೇಳಿದ್ದರು. ಬಿಲ್ಡಿಂಗ್ ಒಪ್ಪಿಸುವ ಸಮಯವೆಂದು ಅರ್ಜಿ ವಾಪಸು ಬಂದಿತ್ತು. “ಹೋಗ್ಲಿ. ಜುಮಾ ನಮಾಜ್ ಆದ ಮೇಲೆ ನಮ್ಮ ವಿಲ್ಲಾದವರಿಗೆ ಇಲ್ಲೇ ಊಟ ಹಾಕುವ. ಮಗಳ ಹೆಸರಲ್ಲಿ,” ಎಂದಷ್ಟೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮೂವರೂ ಕಟ್ಟೆಯ ಮೇಲಿದ್ದೆವು. ಡಗ್ಲಾಸ್ ಗಾಳದ ಕೋಲನ್ನು ನನ್ನ ಕೈಗೇ ಕೊಟ್ಟ. “ನಿನ್ನ ಮೀನು, ನೀನೇ ಎಸೆ.” ಎಸೆದೆ. ಅದು ಹಿಂದಕ್ಕೆ ಹಾರಿ ಅವನ ಟೋಪಿ ಕಚ್ಚಿತು. ಹಂಝಾಕ ಹೊಟ್ಟೆ ಹಿಡಿದು ನಕ್ಕರು. ಆ ವಾರದಲ್ಲಿ ಅದೇ ಅವರ ಮೊದಲ ನಗೆ. ಆಮೇಲೆ ಡಗ್ಲಾಸ್ ಎಸೆದುಕೊಟ್ಟ, ನಾನು ದಾರ ಸುತ್ತಿದೆ. ಮತ್ತೆ ಎಸೆದ, ಮತ್ತೆ ಸುತ್ತಿದೆ. ಎಷ್ಟನೆಯ ಸಲವೋ, ಯಾರೋ ಎತ್ತಿನ ಗಾಡಿಗೆ ಕಟ್ಟಿ ಎಳೆದ ಹಾಗೆ ಕೋಲು ಬಾಗಿತು.

“ಅಂಜಲ್! ಅಂಜಲ್ ಮಾರಾಯ್ರೆ! ದಾರ ಬಿಡಿ, ದಾರ ಬಿಡಿ!”

“ಬಿಟ್ರ ಹೊಕ್ಕೈತಲ್ರಿ ಹಂಝಾಕ!”

“ಹೋಗ್ಲಿ, ಮತ್ತೆ ಬರ್ತದೆ!”

ಅದು ಹೋಯಿತು, ಬಂತು, ಮತ್ತೆ ಹೋಯಿತು. ನನ್ನ ತೋಳು ನನ್ನದಾಗಿ ಉಳಿದಿರಲಿಲ್ಲ. ಕೊನೆಗೆ ಬೆಳ್ಳಿಯ ಹಲಗೆಯಂಥ ಅಂಜಲ್ ಮೀನು, ನನ್ನ ಸೊಂಟದೆತ್ತರದ್ದು, ಕಟ್ಟೆಯ ಬುಡಕ್ಕೆ ಬಂತು. ಡಗ್ಲಾಸ್ ಮೆಟ್ಟಿಲಿಳಿದು ಅದನ್ನು ನೀರಿನಲ್ಲೇ ಹಿಡಿದ. ಇನ್ನೊಂದು ಕೈಯಲ್ಲಿ ಇಕ್ಕಳ. ಅವನ ರೀತಿ ನಮಗೆ ಗೊತ್ತಿತ್ತು: ಹಿಡಿಯುವುದು, ಮುದ್ದಾಗಿ ನೋಡುವುದು, ಬಿಟ್ಟುಬಿಡುವುದು. ಹಿಂದೆಲ್ಲ ಹಂಝಾಕ ತಲೆ ಚಚ್ಚಿಕೊಳ್ಳುತ್ತಿದ್ದರು. ಅಂದು ಮಾತ್ರ ಮುಖ ತಿರುಗಿಸಿದರು.

“ಬಿಡಬ್ಯಾಡ್ರಿ ಸಾರ್!” ಎಂದು ನಾನು ಕೂಗಿದ್ದು ಕನ್ನಡದಲ್ಲೇ. ಆಮೇಲೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ಇದು ಹಂಝಾಕನ ಮಗಳ ಮದುವೆಯ ಮೀನು.

“ಮದುವೆ ಯಾವಾಗ?”

“ಇವತ್ತು ಸಾರ್,” ಎಂದರು ಹಂಝಾಕ.

ಡಗ್ಲಾಸ್ ಮೀನು ಹಿಡಿದುಕೊಂಡೇ ನೀರಿನಲ್ಲಿ ನಿಂತ. ರಜೆ ಅರ್ಜಿಯಲ್ಲಿ ಕಾರಣದ ಜಾಗದಲ್ಲಿ ಕ್ಲರ್ಕು ‘ಸ್ವಂತ ಕೆಲಸ’ ಎಂದಷ್ಟೇ ಬರೆದಿದ್ದನಂತೆ. ಅದರ ಮೇಲೆ ‘ಇಲ್ಲ’ ಎಂದು ಬರೆದದ್ದು ಡಗ್ಲಾಸನದೇ ಕೈ. “ನೀನು ಬಂದು ಹೇಳಬಾರದಿತ್ತೇ?” ಎಂದ. “ನೀವು ಕೇಳಲಿಲ್ಲವಲ್ಲ ಸಾರ್,” ಎಂದರು ಹಂಝಾಕ, ತುಂಬ ಮೆತ್ತಗೆ. ಡಗ್ಲಾಸ್ ಮೆಟ್ಟಿಲು ಹತ್ತಿ ಬಂದು ಎರಡೂ ಕೈಯಿಂದ ಮೀನನ್ನು ಅವರಿಗೆ ಒಪ್ಪಿಸಿದ.

ಮಧ್ಯಾಹ್ನ ಅಲ್ ಹಿಲಾಲ್‌ನ ನಮ್ಮ ಕೋಣೆಯಲ್ಲಿ ಚಾಪೆ ಹಾಸಿ ಹದಿನಾಲ್ಕು ಜನ ಉಂಡೆವು. ಡಗ್ಲಾಸ್ ಉದ್ದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಹೊರಗೆ ಚಾಚಿದ್ದ. ಕೆಂಪು ಸಾರಿಗೆ ಅವನ ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ಆದರೂ ಮೂರು ಸಲ ಬಡಿಸಿಕೊಂಡ. ನನಗೆ ಮಾತ್ರ ಹೊಸ ಪಾತ್ರೆಯಲ್ಲಿ ಬೇಳೆಸಾರು. ಮೀನು ಒಲೆಗೆ ಬರುವ ಮೊದಲೇ ಹಂಝಾಕ ಅದನ್ನು ಕುದಿಸಿ ಮುಚ್ಚಿಟ್ಟಿದ್ದರು. “ಮೇಸ್ತ್ರಿಗಳು ಇವತ್ತು ಹುಡುಗಿಯ ಚಿಕ್ಕಪ್ಪ. ಅವರ ಊಟ ಕೆಡಬಾರದು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಶನಿವಾರ ಆಫೀಸು ತೆರೆದ ಕೂಡಲೇ ಡಗ್ಲಾಸ್ ಆ ಅರ್ಜಿ ತರಿಸಿ ತಾನು ಬರೆದದ್ದನ್ನು ಹೊಡೆದುಹಾಕಿದ. ಹೊಸ ಅಳಿಯನನ್ನು ಮನೆಗೆ ಕರೆದು ಉಣ್ಣಿಸುವ ದಿನಕ್ಕೆ ಹಂಝಾಕ ಉಳ್ಳಾಲದಲ್ಲಿದ್ದರು. ಆ ಹದಿನೈದು ದಿನ ಸ್ಟೋರನ್ನು ನಾನು ನೋಡಿಕೊಂಡೆ. ಮೊಳೆಗಳನ್ನು ಎಣಿಸದೆ ಕೊಟ್ಟು ಬೈಸಿಕೊಂಡೆ.

ಡಗ್ಲಾಸ್ ಊರಿಗೆ ಮರಳುವಾಗ ಮರದ ಮೀನನ್ನು ಬನಿಯನ್ನಿನಲ್ಲಿ ಸುತ್ತಿ ಒಯ್ದ. ಮರುವರ್ಷ ಒಂದು ಫೋಟೋ ಬಂತು. ಸುತ್ತ ಪೈನ್ ಮರ, ನಡುವೆ ಸರೋವರ. ಅವನ ಕೈಯಲ್ಲಿ ಮೊಸಳೆ ಮೋರೆಯ ಮೀನು, ಅದರ ಬಾಯಲ್ಲಿ ನಮ್ಮ ಸಾಗವಾನಿ. ಆ ಮೀನನ್ನು ಬಿಟ್ಟನೋ ತಿಂದನೋ ಬರೆದಿರಲಿಲ್ಲ.

ನಿನ್ನೆ ಸಂಜೆ ಪಾರ್ಕಿನ ಬೆಂಚಿನಲ್ಲಿ ನಿವೃತ್ತ ಗೆಳೆಯರೊಬ್ಬರು, “ಅಷ್ಟು ವರ್ಷ ಗಲ್ಫಿನ್ಯಾಗ ಇದ್ರಲ್ಲ, ಅಲ್ಲಿ ಏನೇನ್ ಕಟ್ಟಿದ್ರಿ?” ಎಂದು ಕೇಳಿದರು. ಇಂಥ ಪ್ರಶ್ನೆಗೆ ಇಷ್ಟು ಕಾಲ ವಿಲ್ಲಾ, ಶಾಲೆ, ಗೋದಾಮು ಎಂದು ಪಟ್ಟಿ ಒಪ್ಪಿಸುತ್ತಿದ್ದೆ. ನಿನ್ನೆ ಯಾಕೋ, “ಒಂದು ಮೀನ ಮಾಡಿದ್ನಿರಿ,” ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮನೆಗೆ ಹೊರಡಲು ಎತ್ತಿಕೊಂಡಿದ್ದ ಕೊಡೆಯನ್ನು ಮತ್ತೆ ಕೆಳಗಿಟ್ಟು, “ಈಜ್ತೇನ್ರಿ ಅದು?” ಎಂದರು.