ಪ್ರೈಮರಿ ಮುಗಿಯುವವರೆಗೆ ಹಿಂದಿನ ಸೀಟಿನಲ್ಲಿ

ಬೆಳಗ್ಗೆ ಏಳು ಗಂಟೆ ಹದಿನೆಂಟು ನಿಮಿಷಕ್ಕೆ ನನ್ನ ಗಂಡ ಸ್ಟೀರಿಂಗ್‌ನಿಂದ ಎರಡೂ ಕೈ ಎತ್ತಿದರು. ಕಾರಿನ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು.

೨೦೨೦ರ ಫೆಬ್ರವರಿ. ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಿಂದ ಸ್ಯಾನ್ ಡಿಯಾಗೋಗೆ ಸಂಬಂಧಿಕರ ಗೃಹಪ್ರವೇಶಕ್ಕೆ ಹೊರಟಿದ್ದೆವು. ಮುಂದೆ ಗಂಡನ ಪಕ್ಕದಲ್ಲಿ ಅವರ ಅಕ್ಕ, ನನ್ನ ಅತ್ತಿಗೆ. ಹಿಂದೆ ನಾನು, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ಪೂಜೆಯ ಮನೆಯಲ್ಲಿ ರಾಜಕೀಯ ಬೇಡವೆಂದು ಆ ಮನೆಯವರು ಮೊದಲೇ ಹೇಳಿದ್ದರಿಂದ ಅಕ್ಕ-ತಮ್ಮ ಇಬ್ಬರೂ ವಾದವನ್ನೆಲ್ಲ ಫ್ರೀವೇ ಹೆದ್ದಾರಿಯಲ್ಲೇ ಮುಗಿಸಬೇಕಿತ್ತು. ಇಬ್ಬರದೂ ಒಂದೇ ಪಕ್ಷ. ಆದರೆ ಅಧ್ಯಕ್ಷ ಚುನಾವಣೆಗೆ ಪಕ್ಷ ಯಾರನ್ನು ನಿಲ್ಲಿಸಬೇಕೆಂದು ಆರಿಸುವ ಪ್ರೈಮರಿಯಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಅಭ್ಯರ್ಥಿ.

“ನಮ್ಮ ಮನಷ್ಯಾಗ ನೀವು ಹಿಂಗ ಬೈಕೋತ ಹೋದ್ರ ನವೆಂಬರ್‌ದಾಗ ಎದುರಿನವರಿಗೆ ಕೆಲಸನ ಉಳಿಯಂಗಿಲ್ಲಕ್ಕಾ. ನಿಮ್ಮ ಮಾತ ಟಿವಿಯೊಳಗ ಹಾಕಿ ನಮ್ಮನ್ನ ಸೋಲಸ್ತಾರ,” ಎಂದರು ಗಂಡ.

“ಏ ಹೋಗೋ. ಮನ್ಯಾಗಿನವರ ನಾಕು ಮಾತಿಗೆ ಅಳೋ ಮನಷ್ಯಾ ಹೊರಗಿನವರ ಮುಂದ ನಿಂದರ್ತಾನೇನು? ಈಗ ಬಡಿದಾಡ್ಲಿ, ಗಟ್ಟಿ ಆಗ್ತಾನ.”

ಕೈ ಎತ್ತಿದ್ದು ಇದಕ್ಕೆ. ಕಾರು ಪಕ್ಕದ ಲೇನಿಗೆ ಜಾರಿತು. ಟ್ರಕ್ಕೊಂದು ಹಾರ್ನ್ ಹೊಡೆಯುತ್ತ, ಚಕ್ರದ ಬೋಲ್ಟುಗಳನ್ನು ಎಣಿಸುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಹೇಗೋ ರಸ್ತೆಯಂಚಿಗೆ ಬಂದು ನಿಂತೆವು.

ಅತ್ತಿಗೆಯೇ ಮೊದಲು ಬಾಯಿ ಬಿಟ್ಟರು. “ನಿಮ್ಮ ಮನಷ್ಯಾನೂ ದೇಶಾ ಹಿಂಗ ನಡಸ್ತಾನ ನೋಡು. ಅಂವಗ ಟಿಕೆಟ್ ಸಿಕ್ರ ನಾ ನವೆಂಬರ್‌ದಾಗ ವೋಟ್ ಹಾಕಂಗಿಲ್ಲ. ಮನ್ಯಾಗ ಕೂಡ್ತೀನಿ.”

ಅಂದಿನಿಂದ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ನನಗೆ ಕಣ್ಣು ಮುಚ್ಚಿದರೆ ಆ ಚಕ್ರ. ಹೇಗೋ ಜೊಂಪು ಹತ್ತಿತು ಎನ್ನುವಾಗ ಗಂಡ ಎದ್ದು ಕೂರುತ್ತಿದ್ದರು. ಅಕ್ಕನಂಥವರೆಲ್ಲ ಮುನಿಸಿಕೊಂಡು ಮನೆಯಲ್ಲಿ ಕೂತರೆ ಪಕ್ಷ ಮುಳುಗುತ್ತದೆ ಎಂಬುದು ಅವರ ಚಿಂತೆ. ಹೇಗೂ ನಮ್ಮ ಪಕ್ಷವೇ ಗೆಲ್ಲುವ ಕ್ಯಾಲಿಫೋರ್ನಿಯಾದಲ್ಲಿ ಒಂದು ವೋಟಿನಿಂದ ಏನಾದೀತು ಎಂದು ನಾನು ಕೇಳಿದರೆ, “ನಮ್ಮಕ್ಕನ್ನ ಒಪ್ಪಸಾಕ ಆಗದವರು ಅತ್ತಾಗಿತ್ತಾಗ ವಾಲೋ ಪೆನ್ಸಿಲ್ವೇನಿಯಾದವರನ್ನ ಏನ್ ಒಪ್ಪಸ್ತಾರ?” ಎನ್ನುತ್ತಿದ್ದರು.

ಅಷ್ಟರಲ್ಲಿ ಅಂಚೆಯಲ್ಲಿ ಅವರ ಮತಪತ್ರ ಬಂತು. ಅದರಲ್ಲಿ ನ್ಯಾಯಾಧೀಶರ ಹುದ್ದೆಗೆ ನಿಂತವರಿದ್ದರು, ಶಾಲೆಗಳ ಖರ್ಚಿನ ಬಗ್ಗೆ ಜನಮತದ ಪ್ರಶ್ನೆಯಿತ್ತು. ಅಧ್ಯಕ್ಷ ಅಭ್ಯರ್ಥಿಗಳು ಒಬ್ಬರೂ ಇರಲಿಲ್ಲ. ಮತದಾರರ ಪಟ್ಟಿಗೆ ಸೇರುವಾಗ, ಆಫೀಸಿನವರಿಗೆ ತಿಳಿದರೆ ಯಾಕೆ ಬೇಕು ಎಂದು, ಈ ಮಹಾನುಭಾವರು ಅರ್ಜಿಯಲ್ಲಿ ಪಕ್ಷ ಯಾವುದೆಂದು ಕೇಳಿದ ಕಡೆ ಯಾವುದೂ ಇಲ್ಲವೆಂದು ಗುರುತು ಹಾಕಿದ್ದರು. ಅಂಥವರು ಪಕ್ಷದ ಮತಪತ್ರವನ್ನು ಕೇಳಿ ಪಡೆಯಬೇಕು. ಹಾಗೆಂದು ತಿಳಿಸಲು ಬಂದ ಕಾರ್ಡು ಪಿಜ್ಜಾ ಕೂಪನ್‌ಗಳ ಜೊತೆ ಕಸಕ್ಕೆ ಹೋಗಿತ್ತು. ಇಲ್ಲದ ವೋಟಿಗಾಗಿ ನಾವು ಮೂವರು ಸಾಯುವುದರಲ್ಲಿದ್ದೆವು!

ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರೈಮರಿಯ ದಿನ ಮಾತ್ರ ತಾವೇ ಕಾರು ತಂದು ಬಾಗಿಲಲ್ಲಿ ನಿಂತರು. “ಏಳೋ. ಆ ಕಾಗದಾ ತಗೊಂಡ್ ಬಾ. ಮತಗಟ್ಟೆಯೊಳಗ ಕೇಳಿದ್ರ ಬದಲಿ ಕೊಡ್ತಾರ.”

“ನಾ ಹಾಕೂದು ನಿಮ್ಮ ಮನಷ್ಯಾನ ವಿರುದ್ಧ, ಅಕ್ಕಾ.”

“ಗೊತ್ತದ. ವೋಟಿಲ್ಲದವನ ಜೋಡಿ ಏನ್ ಜಗಳಾಡ್ಲಿ?”

ಉದ್ದದ ಸಾಲಿನಲ್ಲಿ ತಮ್ಮನ ಜೊತೆ ತಾವೂ ನಿಂತು, ವೋಟು ಹಾಕಿಸಿಕೊಂಡು ಬಂದರು.

ನಮ್ಮ ರಾಜ್ಯದಲ್ಲಿ ಅತ್ತಿಗೆಯ ಅಭ್ಯರ್ಥಿ ಗೆದ್ದರು. ಕೊನೆಗೆ ಟಿಕೆಟ್ ಸಿಕ್ಕಿದ್ದು ಗಂಡನ ಅಭ್ಯರ್ಥಿಗೆ. ಬೇಸಿಗೆಯಿಡೀ ಅತ್ತಿಗೆಯ ಫೋನಿಲ್ಲ. ಅಕ್ಟೋಬರಿನ ಒಂದು ಭಾನುವಾರ ಫೋನು ಬಂತು.

“ಟಪಾಲಿನ ವೋಟ್ ಡಬ್ಬಿಗೆ ಹಾಕಿ ಬಂದೆ. ನಿಮ್ಮ ಮನಷ್ಯಾಗ. ಖುಷಿಲೆ ಅಲ್ಲ ಮತ್ತ. ಈಗ ನೀ ಒಂದು ಮಾತೂ ಆಡಬ್ಯಾಡ.”

ಗಂಡ ಫೋನನ್ನು ನನ್ನ ಕೈಗೆ ಕೊಟ್ಟರು. ಆ ರಾತ್ರಿ ಇಬ್ಬರೂ ಒಮ್ಮೆಯೂ ಏಳದೆ ಬೆಳಗಿನವರೆಗೆ ಮಲಗಿದೆವು.