ಆಯಿ ಕೊಡದೇ ಹೋದ ಪುಡಿ

ಹೋದ ವಾರ ತಾಂಡೂರಿನ ಬಜಾರಿನಲ್ಲಿ ಜೀರಿಗೆ ಕೊಳ್ಳುತ್ತ ನಿಂತಿದ್ದೆ. ಕಿರಾಣಿ ಅಂಗಡಿಯವನು ಪಕ್ಕದ ಗಿರಾಕಿಗೆಂದು ಹಿಪ್ಪಲಿಯ ಚೀಲ ಬಿಚ್ಚಿ ತಕ್ಕಡಿಗೆ ಸುರಿದ. ಆ ಖಾರದ, ಒಂದಿಷ್ಟು ಮಣ್ಣು ಬೆರೆತ ವಾಸನೆ ಮೂಗಿಗೆ ಬಂತು ನೋಡಿ... ಅಂಗಡಿ, ಗಲಾಟೆ, ಆಟೋಗಳ ಹಾರ್ನು ಎಲ್ಲ ದೂರವಾಯಿತು. ‘ಮೇಡಂ, ಇನ್ನೇನ್ ಬೇಕ್ರಿ?’ ಎಂದು ಆತ ಮತ್ತೆ ಮತ್ತೆ ಕೇಳಿದನಂತೆ. ನಾನು ಆ ಹೊತ್ತಿಗೆ ಝರಾಸಂಗಂ ಹತ್ತಿರದ ಒಂದು ಕುರಿಹಟ್ಟಿಯ ಮುಂದೆ ದಮ್ಮಿನ ಪುಡಿಗಾಗಿ ಸಾಲಿನಲ್ಲಿ ನಿಂತಿದ್ದೆ.

ಸುತ್ತಲಿನ ಊರುಗಳೆಲ್ಲ ಆಕೆಯನ್ನು ಪುಡಿ ಆಯಿ ಎಂದೇ ಕರೆಯುತ್ತಿದ್ದವು. ಕುರಿ ಸಾಕುವ ಮನೆತನದ ಮುದುಕಿ. ಭಾನುವಾರ ಬೆಳಿಗ್ಗೆ ದಮ್ಮಿಗೆ, ಅಂದರೆ ಉಬ್ಬಸಕ್ಕೆ, ಪುಡಿ ಕೊಡುತ್ತಿದ್ದಳು. ಜಹೀರಾಬಾದಿನಿಂದ, ನಾರಾಯಣಖೇಡದಿಂದ, ಬೀದರಿನ ಕಡೆಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಕೈಯಿಂದ ಹಣ ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ತೆಗೆದುಕೊಂಡು, ಅಲ್ಲೇ ಬಾಯಿಗೆ ಹಾಕಿಕೊಂಡು, ಮುಂದಿನವರನ್ನು ಕರೆಯುತ್ತಿದ್ದಳು.

ನನ್ನನ್ನು ಆಕೆಯ ಬಳಿಗೆ ಕರೆದೊಯ್ದದ್ದು ದಮ್ಮಲ್ಲ, ವಿಮಾನ. ಕಾಲೇಜಿನಲ್ಲಿ ಕೆಡೆಟ್ ಆಗಿದ್ದಾಗ ನನಗೆ ಬಾಲ್ಸಾ ಎಂಬ ಹಗುರ ಕಟ್ಟಿಗೆಯ ಮಾಡೆಲ್ ವಿಮಾನ ಕಟ್ಟುವ ಹುಚ್ಚು ಹಿಡಿದಿತ್ತು. ಕಾಲೇಜು ಮುಗಿದರೂ ಹುಚ್ಚು ಬಿಡಲಿಲ್ಲ. ಅದರಲ್ಲೂ ಇಂಜಿನ್ನೇ ಇಲ್ಲದ ಗ್ಲೈಡರ್ ನನ್ನ ವಿಭಾಗ. ಉದ್ದನೆಯ ದಾರ ಕಟ್ಟಿ, ಗಾಳಿಪಟ ಎಬ್ಬಿಸುವ ಹಾಗೆ ಓಡುತ್ತ ಅದನ್ನು ಮೇಲೇರಿಸಬೇಕು. ಮೇಲೇಳುವ ಬಿಸಿಗಾಳಿ ಸಿಗುವವರೆಗೂ ದಾರ ಹಿಡಿದು ಬಯಲೆಲ್ಲ ಸುತ್ತುತ್ತಲೇ ಇರಬೇಕು. ಗಾಳಿ ಸಿಕ್ಕಿತು ಅನ್ನಿಸಿದಾಗ ದಾರ ಕಳಚಿಬಿಟ್ಟರೆ ಆಮೇಲೆ ಅದು ಅದರ ಪಾಡಿಗೆ ಹಾರುತ್ತದೆ. ಯಾರದು ಹೆಚ್ಚು ಹೊತ್ತು ನಿಲ್ಲುತ್ತದೋ ಅವರು ಗೆದ್ದರು. ನೋಡುವವರಿಗೆ ಮಕ್ಕಳಾಟ, ಓಡುವವರಿಗೆ ಎದೆ ಒಡೆಯುವ ಕೆಲಸ. ನನಗೋ ಹುಟ್ಟಿನಿಂದ ಉಬ್ಬಸ. ಹೋಗಿ ಹೋಗಿ ಇಂಥ ಆಟವನ್ನೇ ಆರಿಸಿಕೊಂಡಿದ್ದೆ.

ಝರಾಸಂಗಂ ಕಡೆಯ ಕೆಂಪು ಮಣ್ಣಿನ ಬಯಲಿನಲ್ಲಿ ನಾನೂ ನಾರಾಯಣಖೇಡದ ನನ್ನ ಜೊತೆಗಾರನೂ ಅಭ್ಯಾಸ ಮಾಡುತ್ತಿದ್ದೆವು. ಆತ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ದಿನ ನನ್ನ ಗ್ಲೈಡರ್ ಗಾಳಿ ಹಿಡಿದು ಹೋಗಿ ಹೋಗಿ ಆಯಿಯ ಕುರಿಹಟ್ಟಿಯಲ್ಲಿ ಇಳಿಯಿತು. ನಾನು ಏದುಸಿರು ಬಿಡುತ್ತ ಓಡಿ ತಲುಪುವಷ್ಟರಲ್ಲಿ ಆಯಿ ಅದನ್ನು ಮರಿಗಳ ಬಾಯಿಂದ ಬಿಡಿಸಿ ಮಾಡಿನ ಮೇಲೆ ಇಟ್ಟಿದ್ದಳು.

“ಇದ್ರಾಗ ಯಾರ್ ಕುಂದರ್ತಾರ?” ಎಂದು ಕೇಳಿದಳು.

“ಯಾರೂ ಕುಂದ್ರಂಗಿಲ್ರಿ ಆಯಿ.”

“ಮತ್ತ ಇದ್ರ ಬೆನ್ನ ಹತ್ತಿ ಇಷ್ಟ್ ಸಾಯ್ಲಿಕತ್ತೀದಿ?”

ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಆಕೆ ನನ್ನ ಎದೆಯ ಸಿಳ್ಳೆಯನ್ನು ಕೇಳಿಸಿಕೊಂಡು ಒಳಗೆ ಹೋಗಿ, ಒಂದು ಚಿಟಿಕೆ ಪುಡಿಯನ್ನು ಜೇನಿನಲ್ಲಿ ಕಲಸಿ ತಂದು ನೆಕ್ಕಿಸಿದಳು. ಹಿಪ್ಪಲಿ, ಶುಂಠಿ, ಆಡುಸೋಗೆ... ಮೂಗಿಗೆ ಗೊತ್ತಾದದ್ದು ಇಷ್ಟು. ದಿನವೂ ತೆಗೆದುಕೊಳ್ಳೆಂದು ಒಂದು ಪೊಟ್ಟಣವನ್ನೂ ಕಟ್ಟಿಕೊಟ್ಟಳು. ವಾರ ಕಳೆಯುವಷ್ಟರಲ್ಲಿ ನಾನು ಬಯಲಿನ ಈ ತುದಿಯಿಂದ ಆ ತುದಿಗೆ ಓಡಿ, ನಿಂತು ಮಾತಾಡಬಲ್ಲವಳಾದೆ. ಇಪ್ಪತ್ತೈದು ವರ್ಷ ಯಾವ ಡಾಕ್ಟರೂ ಮಾಡದ್ದನ್ನು ಈ ಮುದುಕಿ ಮಾಡಿದಳಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ನನ್ನ ಬಡಕಲು ಮುಖ ದುಂಡಗಾಯಿತು. ‘ಈಗ ನೋಡು, ಮೈ ಹಿಡದಾಳ’ ಎಂದು ಅವ್ವ ದೃಷ್ಟಿ ತೆಗೆದಳು.

ಭಾನುವಾರದ ಸಾಲಿನಲ್ಲಿ ನಾನು ಖಾಯಂ ಆದೆ. ಆಯಿಗೂ ನನ್ನ ಮೇಲೆ ಜೀವ. ‘ವಿಮಾನದಾಕಿ ಬಂದ್ಳು’ ಎಂದು ಜೋಳದ ರೊಟ್ಟಿ, ಪುಂಡಿಪಲ್ಯ ಎತ್ತಿಡುತ್ತಿದ್ದಳು. ಆ ಚಳಿಗಾಲದಲ್ಲಿ ನಾನು ದೇಶದ ತಂಡದ ಆಯ್ಕೆಯ ಅಂಚಿಗೆ ಬಂದು ನಿಂತೆ. ಇನ್ನೊಂದು ಶಿಬಿರ, ಒಂದು ಸ್ಪರ್ಧೆ, ಅಷ್ಟೇ ಬಾಕಿ. ಜಹೀರಾಬಾದಿನ ನಮ್ಮ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಆಟವಾಡಲು ವಿದೇಶಕ್ಕೆ ಹೋಗುತ್ತಾಳೆ ಎಂಬುದೇ ದೊಡ್ಡ ಸುದ್ದಿಯಾಗಿತ್ತು.

ಆಗ ಬಂತು ಡೋಪಿಂಗ್, ಅಂದರೆ ಉದ್ದೀಪನ ಮದ್ದಿನ, ವಿಷಯ. ಹೈದರಾಬಾದಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಅಧಿಕಾರಿಯೊಬ್ಬರು ಪಾಠ ಹೇಳಿದರು. ಮಾಡೆಲ್ ವಿಮಾನವೂ ಕ್ರೀಡೆಯೇ, ಕುಸ್ತಿ ಮತ್ತು ಓಟಕ್ಕಿರುವ ನಿಯಮಗಳೇ ನಿಮಗೂ, ಯಾರನ್ನು ಬೇಕಾದರೂ ಕರೆದು ಮೂತ್ರ ಪರೀಕ್ಷೆ ಮಾಡಬಹುದು, ನೀವು ತೆಗೆದುಕೊಳ್ಳುವ ಔಷಧಿಯನ್ನೆಲ್ಲ ಬರೆದುಕೊಡಬೇಕು ಎಂದರು. ‘ಹಾರೋದು ಅದು, ಪರೀಕ್ಷಾ ನಮಗಾ?’ ಎಂದು ನನ್ನ ಜೊತೆಗಾರ ಪಿಸುಗುಟ್ಟಿದ. ನಾನು ನಕ್ಕೆ. ಆದರೆ ಅವರು ಕೊನೆಯಲ್ಲಿ ಹೇಳಿದ ಮಾತಿಗೆ ನಗು ನಿಂತಿತು. ನಾಟಿ ಔಷಧಿ, ಪುಡಿ, ಲೇಹ್ಯ ಏನೇ ಇರಲಿ, ಒಳಗೆ ಏನಿದೆ ಎಂದು ಕೊಟ್ಟವರನ್ನೇ ಕೇಳಿ. ಸಿಕ್ಕಿಬಿದ್ದ ಮೇಲೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ, ವರ್ಷಗಟ್ಟಲೆ ಹೊರಗೆ ಹಾಕುತ್ತಾರೆ, ಹೆಸರಿಗೆ ಅಂಟಿದ ಮಸಿ ಹೋಗುವುದಿಲ್ಲ.

ಮರುದಿನವೇ ಹೋಗಿ ಕೇಳಿದೆ. ಆಯಿ ಕುರಿಯ ಹಾಲು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

“ಬೇರು, ಎಲಿ. ಮತ್ತೇನ್ ಇರ್ತದ? ನನ್ನ ಪುಡಿ ಮ್ಯಾಲ ಸಂಶೇ ಬಂತೇನ್ ನಿನಗ?”

ಆ ದಿನ ರೊಟ್ಟಿ ಕೊಡಲಿಲ್ಲ. ನೋಯಿಸಿಬಿಟ್ಟೆನಲ್ಲ ಎಂದು ನಾನೇ ನನ್ನನ್ನು ಬೈದುಕೊಳ್ಳುತ್ತ ಬಸ್ಸು ಹತ್ತಿದೆ.

ಶಿಬಿರಕ್ಕೆ ಮೊದಲಿನ ಭಾನುವಾರ ಎಂದಿನಂತೆ ಸಾಲಿನಲ್ಲಿ ನಿಂತೆ. ಅಂಗಳದ ತುಂಬ ಜನ. ನನ್ನ ಸರದಿ ಬಂತು. ಶಿಬಿರ ಮುಗಿಯುವವರೆಗೆ ಆಗುವಷ್ಟು ಪುಡಿ ಕೊಡಿ ಎಂದು ಕೈ ಚಾಚಿದೆ.

“ನಿನಗ ಕೊಡಂಗಿಲ್ಲ,” ಎಂದಳು ಆಯಿ.

ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ನನಗೆ ಮುಖ ಬಿಸಿಯಾಯಿತು. “ಯಾಕ್ರಿ ಆಯಿ? ಅವತ್ತ್ ಕೇಳಿದ್ದಕ್ಕ ಸಿಟ್ಟೇನ್ರಿ?”

“ಕೊಡಂಗಿಲ್ಲ ಅಂದೆ. ಮನೀಗಿ ನಡಿ. ದೊಡ್ಡ ದವಾಖಾನಿಗಿ ಹೋಗಿ ತೋರ್ಸು.”

“ಸಂಶೇ ಇಲ್ರಿ ಆಯಿ ನನಗ. ಎಲ್ಲಾ ಬರದ್ ಕೊಡಾಕ ಹೊಂಟೀನಿ. ಬರೀ ಬೇರು, ಎಲಿ, ಮತ್ತೇನೂ ಇಲ್ಲ ಅಂತ. ನೀವೇ ಹೇಳಿದ್ದಲ್ರಿ. ನಿಮ್ಮ ಮಾತಿನ ಮ್ಯಾಲ ಸಹಿ ಹಾಕ್ತೀನಿ.”

“ನನ್ನ ಮಾತಿನ ಮ್ಯಾಲ?”

“ಹ್ಞೂಂರಿ. ಮತ್ಯಾರ್ ಮಾತಿನ ಮ್ಯಾಲ ಹಾಕ್ಲಿ?”

ಆಯಿ ಪುಡಿಯ ಡಬ್ಬಿಯ ಮುಚ್ಚಳ ಹಾಕಿದಳು. ಅಂಗಳದ ಜನರನ್ನು ಒಮ್ಮೆ ನೋಡಿದಳು. ಒಳಗೆ ಕರೆದು ನನ್ನೊಬ್ಬಳಿಗೇ ಹೇಳಬಹುದಿತ್ತು. ಏನೋ ಒಂದು ನೆಪ ಹೂಡಿ ಅಟ್ಟಬಹುದಿತ್ತು. ಹಾಗೆ ಮಾಡದೆ ಎಲ್ಲರಿಗೂ ಕೇಳುವಂತೆ ದನಿ ಎತ್ತಿದಳು.

“ಹಾಕಬ್ಯಾಡ ತಂಗಿ. ಇದ್ರಾಗ ಗೋಳಿ ಅದ. ಬಜಾರದ ಬಿಳಿ ಗೋಳಿ. ಅರದ್ ಹಾಕ್ತೀನಿ. ಎಲ್ಲಾರ ಪುಡ್ಯಾಗೂ ಹಾಕ್ತೀನಿ.”

ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದ ಖಾಲಿ ಪಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟಳು. ಅದರ ಮೇಲಿನ ಹೆಸರು ಓದಿದೆ. ಸ್ಟೀರಾಯ್ಡ್. ಹೈದರಾಬಾದಿನಲ್ಲಿ ಅಧಿಕಾರಿ ಹೇಳಿದ್ದ ಹೆಸರುಗಳಲ್ಲಿ ಅದೂ ಒಂದಾಗಿತ್ತು. ಸ್ಪರ್ಧೆಯ ಹೊತ್ತಿನಲ್ಲಿ ಬಾಯಿಂದ ನುಂಗಿದರೆ ಸಿಕ್ಕಿಬಿದ್ದ ಹಾಗೆಯೇ.

ಅಂಗಳದಲ್ಲಿ ಗದ್ದಲವೋ ಗದ್ದಲ. ಮೋಸಗಾತಿ ಎಂದು ಒಬ್ಬರು, ದೇವರ ಹೆಸರು ಹೇಳಿ ಹಿಂಗ ಮಾಡ್ತೀಯಾ ಎಂದು ಇನ್ನೊಬ್ಬರು. ಯಾರೋ ಹುಚ್ಚಾಪಟ್ಟೆ ಬೈಯುತ್ತ ಪೊಟ್ಟಣವನ್ನು ಆಕೆಯ ಮುಂದೆಯೇ ಎಸೆದರು. ಇದೆಲ್ಲದರ ನಡುವೆ ಒಬ್ಬ ಯಜಮಾನರು ಮೆಲ್ಲಗೆ ಮುಂದೆ ಬಂದು, “ಗೋಳಿ ಇದ್ರ ಇರ್ಲಿ ಬಿಡ್ರಿ ಆಯಿ, ನನಗ ಕೊಡ್ರಿ, ಜರಾ ಹೆಚ್ಚೇ ಹಾಕ್ರಿ,” ಎಂದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ ತಲೆಯಾಡಿಸಿದರು. ಈಗ ನೆನೆದರೆ ನಗು ಬರುತ್ತದೆ. ಆಗ ಆಯಿ ಡಬ್ಬಿಯನ್ನು ಎದೆಗವಚಿಕೊಂಡು, “ಯಾರಿಗೂ ಇಲ್ಲ. ದವಾಖಾನಿಗಿ ಹೋಗ್ರಿ. ಜಲ್ದಿ ಹೋಗ್ರಿ, ಗೋಳಿ ನುಂಗೀವಿ ಅಂತ ಹೇಳ್ರಿ,” ಎಂದು ಎಲ್ಲರನ್ನೂ ಕಳಿಸಿದಳು.

ಜನ ಚದುರಿದ ಮೇಲೆ ಕಟ್ಟೆಯ ಮೇಲೆ ಕೂತೆವು. ಪುಡಿ ಆಕೆಯ ಗಂಡನ ಮನೆತನದ್ದು. ಯಾರೋ ಕಂಪೌಂಡರ್ ಗಂಡನಿಗೆ ಈ ಉಪಾಯ ಹೇಳಿಕೊಟ್ಟಿದ್ದನಂತೆ.

“ಬರೀ ಬೇರಿನ ಪುಡಿ ನಿಧಾನಕ್ಕ ಕೆಲಸ ಮಾಡ್ತಿತ್ತು. ಮಂದಿ ಬರೋದೇ ಬಿಟ್ಟಿದ್ರು. ಗೋಳಿ ಹಾಕಿದ ಮ್ಯಾಲ ಕೈಗುಣ ಅಂದ್ರು. ಅವ ಹೋದ ಮ್ಯಾಲ ನನಗೂ ಅದನ್ನೇ ಅಂದ್ರು. ಆ ಮಾತ್ ಕೇಳಾಕ ಭಾಳ ಚಂದ ಇತ್ತು ತಂಗಿ...”

ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಿಜ ಹೇಳಬೇಕೆಂದರೆ ನನಗೆ ಅಳುವೇ ಬರುತ್ತಿತ್ತು, ಅದೂ ನನಗಾಗಿ.

ಜಹೀರಾಬಾದಿನ ಡಾಕ್ಟರು ನನ್ನ ದುಂಡು ಮುಖ ನೋಡುತ್ತಲೇ ತಲೆ ಅಲ್ಲಾಡಿಸಿದರು. ಅವ್ವ ದೃಷ್ಟಿ ತೆಗೆದದ್ದು ಬರೀ ಊತಕ್ಕೆ. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಮೆಲ್ಲಮೆಲ್ಲಗೆ ಇಳಿಸಬೇಕು ಎಂದರು. ಎಲುಬು ಟೊಳ್ಳಾಗುವ ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಶಿಬಿರದವರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ ಆ ವರ್ಷ ಹಿಂದೆ ಸರಿದೆ. ನನ್ನ ಜಾಗದಲ್ಲಿ ಬೇರೆಯವರು ವಿದೇಶಕ್ಕೆ ಹೋದರು. ಅವರ ಫೋಟೋ ನೋಡಿ ಆಯಿಯ ಮೇಲೆ ಕೆಂಡದಂಥ ಸಿಟ್ಟು ಬಂದದ್ದು ಸುಳ್ಳಲ್ಲ. ಕೆಲವು ತಿಂಗಳು ಆ ಕಡೆ ಕಾಲಿಡಲಿಲ್ಲ.

ಹೋಗುವಂತೆ ಮಾಡಿದ್ದು ನನ್ನ ಜೊತೆಗಾರ. “ಆಕಿ ಸುಮ್ಮನಿದ್ರ ನೀ ಹೋಗ್ತಿದ್ದಿ, ಸಿಕ್ಕೊಂತಿದ್ದಿ. ಆಕಿ ಹೆಸರಂತೂ ಉಳೀತಿತ್ತು,” ಎಂದ. ಆ ಮಾತು ಎದೆಗೆ ನಾಟಿತು. ಮುಂದಿನ ಭಾನುವಾರವೇ ಹೋದೆ. ಅಂಗಳ ಖಾಲಿ ಇತ್ತು. ಆಯಿ ನನ್ನನ್ನು ಕಂಡು ಏನೂ ಕೇಳದೆ ರೊಟ್ಟಿ ಬಡಿಯಲು ಕೂತಳು.

ಮುಂದಿನ ವರ್ಷ ಡಾಕ್ಟರು ಕೊಟ್ಟ ಇನ್‌ಹೇಲರ್ ಹಿಡಿದು ಸ್ಪರ್ಧೆಗೆ ಹೋದೆ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಕೊನೆಯ ದಿನ ಗ್ಲೈಡರ್ ಇಳಿಸಿ ಬಂದಾಗ ಒಬ್ಬ ಹೆಣ್ಣುಮಗಳು ನನ್ನ ಮುಂದೆ ನಿಂತಳು. ಪರೀಕ್ಷೆಗೆ ನನ್ನ ಹೆಸರು ಬಂದಿತ್ತು. ಮಾದರಿ ಕೊಡುವವರೆಗೂ ಆಕೆ ನನ್ನ ನೆರಳಿನಂತೆ ಇರಬೇಕು. ಶೌಚಾಲಯದೊಳಗೂ ಎದುರಿಗೇ ನಿಂತು ನೋಡುತ್ತಿರಬೇಕು. ಇಂಥ ಮರ್ಯಾದೆಯಲ್ಲಿ ಯಾರಿಗಾದರೂ ಮೂತ್ರ ಬರುತ್ತದೆಯೇ? ನೀರು ಕುಡಿದೆ, ಅಡ್ಡಾಡಿದೆ, ಮತ್ತೆ ಕುಡಿದೆ. ಬಹುಮಾನ ಕೊಡುವ ಹೊತ್ತಾದರೂ ನಾನೂ ಆಕೆಯೂ ಮುಖ ಮುಖ ನೋಡುತ್ತಲೇ ಇದ್ದೆವು. ಅಂತೂ ಕೆಲಸ ಮುಗಿದ ಮೇಲೆ ಅಧಿಕಾರಿ ಕೇಳಿದರು, ಇನ್‌ಹೇಲರ್ ಬಿಟ್ಟು ಬೇರೆ ಏನಾದರೂ ತೆಗೆದುಕೊಂಡಿದ್ದೀರಾ?

“ಇಲ್ಲ,” ಎಂದೆ.

ಆ ಒಂದು ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಅಳುಕಿಲ್ಲ, ಹೆದರಿಕೆಯಿಲ್ಲ. ಅದನ್ನು ಹೇಳುವ ಧೈರ್ಯ ನನಗೆ ಕೊಟ್ಟವಳು ಕುರಿಹಟ್ಟಿಯಲ್ಲಿ ಒಬ್ಬಳೇ ಕೂತಿದ್ದಾಳಲ್ಲ ಎನ್ನಿಸಿ ಅಲ್ಲೇ ಕಣ್ಣು ತುಂಬಿತು. ಅಧಿಕಾರಿ ಗಾಬರಿಯಾಗಿ ಇನ್ನೊಂದು ಬಾಟಲಿ ನೀರು ಕೊಟ್ಟರು.

ಪರೀಕ್ಷೆಯ ಫಲಿತಾಂಶ ಬಂದ ದಿನ ಆಯಿಯ ಬಳಿಗೆ ಓಡಿದೆ. ಎಷ್ಟನೆಯ ಸ್ಥಾನ ಬಂತು ಎಂದು ಆಕೆ ಕೇಳಲಿಲ್ಲ. “ಏನೂ ಸಿಗಲಿಲ್ಲಲ್ಲ?” ಎಂದಳು. “ಏನೂ ಸಿಗಲಿಲ್ರಿ,” ಎಂದೆ. ನನ್ನ ಎರಡೂ ಕೆನ್ನೆ ಹಿಡಿದು, ಊತ ಇಳಿದ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ಆಮೇಲೆ ಹೆಚ್ಚು ಸಲ ನೋಡುವ ಯೋಗ ನನಗಿರಲಿಲ್ಲ... ಮದುವೆಯಾಗಿ ತಾಂಡೂರಿಗೆ ಬಂದೆ. ಇಲ್ಲಿನ ಕಲ್ಲು ಪಾಲಿಷ್ ಘಟಕವೊಂದರ ಕಚೇರಿಯಲ್ಲಿ ಕೆಲಸ ಹಿಡಿದೆ. ಆಯಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ತಿಂಗಳಾಗಿತ್ತು. ಕೊನೆಗೆ ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲವೆಂಬ ಕೊರಗು ನನಗೆ ಉಳಿದೇ ಉಳಿಯಿತು.

ಮೊನ್ನೆ ತವರಿಗೆ ಹೋದವಳು ಜಹೀರಾಬಾದಿನಿಂದ ಝರಾಸಂಗಂ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಕೆಮ್ಮುತ್ತಿದ್ದಳು. ಮುಂದಿನ ಸೀಟಿನವರು ತಿರುಗಿ, “ಇಲ್ಲಿ ಒಬ್ಬ ಮುದುಕಿ ಇದ್ದಳ್ರಿ, ದಮ್ಮಿಗಿ ಪುಡಿ ಕೊಡ್ತಿದ್ದಳು. ಗೋಳಿ ಅರದ್ ಹಾಕಿ ಮಂದಿಗಿ ಮೋಸ ಮಾಡಿದ್ಳು,” ಎಂದು ಶುರುಮಾಡಿದರು.

“ಹೌದ್ರಿ, ಹಾಕ್ತಿದ್ಳು,” ಎಂದೆ. “ನಿಮಗ ಅದು ಹೆಂಗ್ ಗೊತ್ತಾತು?”

“ಹೆಂಗ್ ಅಂದ್ರ... ಎಲ್ಲಾರಿಗೂ ಗೊತ್ತದಲ್ರಿ.”

“ಯಾರ್ ಹೇಳಿದ್ರು ಎಲ್ಲಾರಿಗೂ?”

ಅವರು ಯೋಚಿಸಿದರು. ಅವರಿಗೆ ಗೊತ್ತಿರಲಿಲ್ಲ. ಆಕೆಯೇ ಬಾಯಿಬಿಟ್ಟು ಹೇಳಿದ್ದು ಎಂದು ನಾನು ಹೇಳಿದೆ. ಬಸ್ಸು ಊರು ಮುಟ್ಟುವವರೆಗೂ ಹೇಳುತ್ತಲೇ ಇದ್ದೆ.