ಹೆಗಲೆತ್ತರದ ಕಟ್ಟೆ

ಕೈಯಲ್ಲಿ ಭಾರವಿದ್ದಾಗಲೇ ಮನುಷ್ಯನಿಗೆ ತನ್ನ ಊರಿನ ನಿಜವಾದ ಪರಿಚಯವಾಗುತ್ತದೆ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ಮೊನ್ನೆ ಎರಡು ಕುಂಬಳಕಾಯಿಗಳ ಚೀಲ ಹಿಡಿದು ದಾವಣಗೆರೆಯ ನಮ್ಮ ವೃತ್ತದಲ್ಲಿ ನಿಂತಾಗ, ಬಗ್ಗದೆ ಅದನ್ನು ಇಳಿಸಲು ಗೇಣು ಜಾಗವೂ ಕಾಣಲಿಲ್ಲ. ಅರವತ್ತರ ಸೊಂಟಕ್ಕೆ ಬಗ್ಗುವುದೆಂದರೆ ಏನೆಂದು, ಓದುಗ ಮಿತ್ರರೇ, ನಿಮಗೂ ಒಂದು ದಿನ ತಿಳಿದೀತು.

ಈ ವೃತ್ತದ ಮೂಲೆಯಲ್ಲಿ ಗೌರಮ್ಮನವರ ಎರಡಂತಸ್ತಿನ ಮನೆಯಿದೆ. ಅವರ ಮಾವನವರು ಹತ್ತಿಯ ವ್ಯಾಪಾರದಲ್ಲಿ ಗೆದ್ದು ಕಟ್ಟಿಸಿದ್ದು: ತೇಗದ ಕಂಬಗಳು, ಬಳ್ಳಿ ಕೆತ್ತಿದ ಬಾಗಿಲು, ವೃತ್ತ ಬಾಗಿದಂತೆ ತಾನೂ ವಿನಯದಿಂದ ಬಾಗಿದ ಮುಂಗೋಡೆ. ಇಷ್ಟೆಲ್ಲ ಸೌಂದರ್ಯದ ಎದುರಿಗೆ, ರಸ್ತೆಯಂಚಿಗೆ, ಒರಟು ಕಲ್ಲಿನ ಹೆಗಲೆತ್ತರದ ಒಂದು ಕಟ್ಟೆಯಿತ್ತು. ಕೂರೋಣವೆಂದರೆ ಏಣಿ ಬೇಕಿತ್ತು, ಒರಗೋಣವೆಂದರೆ ಬೆನ್ನು ತರಚುತ್ತಿತ್ತು. ಹರಿಹರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಬೋಧಿಸಿದ ನಾನು, ಆ ಕಟ್ಟೆಯ ಬಳಿಯೇ ನಿತ್ಯ ಬಸ್ಸಿಗೆ ಕಾಯುತ್ತ, ಅದು ಗೌಂಡಿಯ ತಪ್ಪೆಂದು ತೀರ್ಮಾನಿಸಿಬಿಟ್ಟಿದ್ದೆ. ಯಾರನ್ನಾದರೂ ಕೇಳಿ ತಿಳಿದುಕೊಳ್ಳುವುದು ವಿದ್ವಾಂಸರ ಲಕ್ಷಣವಲ್ಲವಷ್ಟೆ.

ನಮ್ಮೂರು ಜಿಲ್ಲಾಕೇಂದ್ರವಾದ ಮರುವರ್ಷ ರಸ್ತೆಯೂ ತನ್ನ ಘನತೆಗೆ ತಕ್ಕಂತೆ ಅಗಲವಾಗಬೇಕಾಯಿತು. ಮನೆಯ ಮುಂಭಾಗಕ್ಕೆ ಕೆಡವಬೇಕೆಂಬ ಕೆಂಪು ಗುರುತು ಬಿತ್ತು. ಗೌರಮ್ಮನವರು ನನ್ನನ್ನು ಕರೆಸಿ, "ನೀವು ಅರ್ಜಿ ಬರದ್ರೆ ಕೇಳ್ತಾರ್ರಿ ಮೇಷ್ಟ್ರೇ. ಬಾಗ್ಲು ಹೋದ್ರೆ ಹೋಗ್ಲಿ, ಆ ಕಟ್ಟೆ ಒಂದು ಉಳಿಸ್ಕೊಡ್ರಿ" ಎಂದರು. ಪಾಪ, ಬೆಲೆಯುಳ್ಳದ್ದು ಯಾವುದೆಂದು ಈ ಹಿರಿಯರಿಗೆ ತಿಳಿಯದು ಎಂದುಕೊಂಡೆ. ಹರಿಹರದ ದೇಗುಲದ ಕಂಬಗಳ ಜೊತೆ ಈ ಮನೆಯ ಕಂಬಗಳನ್ನು ಹೋಲಿಸಿ ನಾಲ್ಕು ಪುಟ ಬರೆದೆ. ಒಂದನ್ನು ಬಿಟ್ಟುಕೊಟ್ಟರೆ ಉಳಿದದ್ದು ಉಳಿದೀತೆಂಬ ಜಾಣತನದಲ್ಲಿ, ವಾಸ್ತುವಿಗೆ ಕುಂದಾಗಿರುವ ಕಟ್ಟೆಯನ್ನು ಬೇಕಾದರೆ ತೆಗೆಯಬಹುದೆಂದು ಕೊನೆಯಲ್ಲಿ ಸೇರಿಸಿದೆ. ಓದಿ ಹೇಳಲೇ ಎಂದರೆ, "ನೀವು ಬರದ ಮ್ಯಾಲೆ ಓದೋದೇನೈತ್ರಿ" ಎಂದು ಗೌರಮ್ಮನವರು ಸಹಿ ಹಾಕಿದರು.

ಜೀವಮಾನದಲ್ಲಿ ನನ್ನ ಬರಹವೊಂದನ್ನು ಅಕ್ಷರಶಃ ಗಮನವಿಟ್ಟು ಓದಿದವರು ಆ ಅರ್ಜಿ ಪಡೆದ ಅಧಿಕಾರಿಗಳೊಬ್ಬರೇ. ಬಾಗಿಲು ಉಳಿಯಿತು, ಕಂಬಗಳು ಉಳಿದವು. ಕಟ್ಟೆ ಒಂದು ಬೆಳಗಿನಲ್ಲಿ ಹೋಯಿತು.

ಗೌರಮ್ಮನವರು ಬಯ್ಯಲಿಲ್ಲ. ಕಲ್ಲು ತುಂಬಿದ ಟ್ರ್ಯಾಕ್ಟರು ತಿರುವು ದಾಟುವವರೆಗೆ ನೋಡಿ, "ನಮ್ಮ ಮಾವನೋರು ಸಣ್ಣೋರಿದ್ದಾಗ ತಲೆ ಮ್ಯಾಲೆ ಹೊರೆ ಹೊತ್ಕೊಂಡು ಹರಿಹರದಿಂದ ಸಂತೆಗೆ ಬರ್ತಿದ್ರಂತ್ರಿ. ಇಳ್ಸಾಕೆ ಯಾರಾದ್ರೂ ಕೈ ಹಿಡೀಬೇಕಲ್ಲ? ಎಷ್ಟೋ ಜನ ಕೇಳಿದ್ರೂ ಮುಖ ತಿರುವಿ ಹೋಗ್ತಿದ್ರಂತೆ. ಅದ್ಕೇ ಮನೆಗಿಂತ ಮೊದ್ಲು ಆ ಕಟ್ಟೆ ಕಟ್ಸಿದ್ರು, ಹೊರೆ ಹೊತ್ತೋರು ನಿಂತಂಗೇ ಅದರ ಮ್ಯಾಲೆ ಇಳಿಸ್ಬೇಕು, ಯಾರನ್ನೂ ಕೇಳಬಾರ್ದು ಅಂತ" ಎಂದರು. ಮೊದಲೇ ಯಾಕೆ ಹೇಳಲಿಲ್ಲವೆಂದೆ. "ನೀವು ಕೇಳ್ಲಿಲ್ಲಲ್ರಿ" ಎಂದರು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ ನನಗೆ. ಆ ಮನೆಯಲ್ಲಿ ಇತಿಹಾಸವೆಂಬುದು ಇದ್ದದ್ದೇ ಆ ಕಲ್ಲುಗಳಲ್ಲಿ, ಉಳಿದದ್ದೆಲ್ಲ ಬಡಗಿಯ ಕುಸುರಿ.

ಮೊನ್ನೆ ಕುಂಬಳಕಾಯಿ ಹಿಡಿದು ನಿಂತಿದ್ದೆನೆಂದೆನಲ್ಲ, ಆಗ ನಿಟ್ಟುವಳ್ಳಿಯ ಕಡೆಯಿಂದ ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಂದು, ಹಳೆಯ ಅಭ್ಯಾಸದಿಂದ ಕಟ್ಟೆಯಿದ್ದ ಜಾಗದಲ್ಲೇ ನಿಂತಳು. ಅತ್ತಿತ್ತ ನೋಡಿದಳು. ಕೇಳಲೋ ಬೇಡವೋ ಎಂದು ನನ್ನನ್ನು ಅಳೆದು, ಕೊನೆಗೆ, "ಯಪ್ಪಾ, ಒಂಚೂರು ಕೈ ಹಿಡೀತೀಯೇನಪ್ಪಾ?" ಎಂದಳು. ಚೀಲವನ್ನು ನೆಲಕ್ಕಿಟ್ಟು ಬುಟ್ಟಿ ಇಳಿಸಿಕೊಟ್ಟೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಆಕೆ, "ಇಲ್ಲೊಂದು ಕಟ್ಟೆ ಇತ್ತಪ್ಪ. ಯಾರನ್ನೂ ಕೇಳಂಗಿರ್ಲಿಲ್ಲ. ಯಾವ ಪುಣ್ಯಾತ್ಮ ತೆಗೆಸಿದ್ನೋ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ನಾನೇ ಅವ್ವಾ" ಎಂದುಬಿಟ್ಟೆ.

ತಮಾಷೆಯೆಂದುಕೊಂಡು ಆಕೆ ಬಾಯ್ತುಂಬ ನಕ್ಕಳು. ನಾನು ಚೀಲ ಎತ್ತಿಕೊಳ್ಳಲು ಬಗ್ಗಿದೆ. ಮತ್ತೆ ನೆಟ್ಟಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.